ಹರಾಜಿನಲ್ಲಿ ಹಳೇ ಒಮೆಗಾ ಕೂಗೋ ಮುಂಚೆ ನನ್ನ ಕಥೆ ಓದಿ

ಇಂಗ್ಲೆಂಡಿನ ಒಂದು ಆನ್‌ಲೈನ್ ಹರಾಜಿನಲ್ಲಿ ಒಮೆಗಾ ಸೀಮಾಸ್ಟರ್ ಅನ್ನೋ ಸ್ವಿಸ್ ವಾಚು ಕೊಂಡೆ. 1960ರ ದಶಕದ್ದು, ಆಟೋಮ್ಯಾಟಿಕ್ (ಕೈ ಆಡಿದಂತೆ ತಾನೇ ಕೀ ಆಗೋದು), ತಾರೀಖು ತೋರಿಸುವಂಥದ್ದು. ಕೊಂಡೆ ಅನ್ನೋದಕ್ಕಿಂತ ಟೋಪಿ ಹಾಕಿಸಿಕೊಂಡೆ ಅನ್ನಬೇಕು. ಹಾಕಿದವರು ಯಾರು ಅಂತ ಹುಡುಕಿದರೆ ಅರ್ಧ ನಾನೇ ಸಿಗ್ತೀನಿ.

ನಾನು ಹೊಸಬನಲ್ಲ, ಅದೇ ಬೇಜಾರು. ಎಚ್‌ಎಂಟಿ ವಾಚುಗಳ ಹುಚ್ಚು ನನಗೆ ಮೊದಲಿಂದ ಇದೆ. 'ಮುಂಬೈ ಸ್ಪೆಷಲ್' ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ಹಳೇ ಮಷೀನು, ಎಲ್ಲಿಂದಲೋ ತಂದ ಕೇಸು ಅಂದರೆ ಹೊರಕವಚ, ಮೇಲೆ ಹೊಸದಾಗಿ ಬಣ್ಣ ಹೊಡೆದ ಡಯಲ್. ಅಂಥ ಕಿತ್ತಳೆ ಬಣ್ಣದ ಎಚ್‌ಎಂಟಿಯನ್ನು ಹೊರದೇಶದವರು ಅಪರೂಪದ್ದು ಅಂತ ಕೊಳ್ಳುವುದು ನೋಡಿ ನಕ್ಕವನು ನಾನು. ಒಮೆಗಾ ಅಂದ ತಕ್ಷಣ ಆ ಬುದ್ಧಿ ಎಲ್ಲಿ ಹೋಯಿತೋ.

ಹರಾಜಿನ ಪಟ್ಟಿಯಲ್ಲಿ ಅಂದಾಜು ಬೆಲೆ 300ರಿಂದ 400 ಪೌಂಡ್ ಇತ್ತು. 450 ದಾಟಬಾರದು ಅಂತ ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೆ ಅಂಟಿಸಿದ್ದೆ. ನೇರ ಪ್ರಸಾರದ ಹರಾಜು, ನಮ್ಮ ಸಂಜೆ ಹೊತ್ತು. ಇನ್ಯಾರೋ ಒಬ್ಬ ಬಿಡದೆ ಏರಿಸುತ್ತಿದ್ದ. ಹರಾಜು ನಡೆಸುವವನು ಕ್ಯಾಮೆರಾ ನೋಡಿ ಸುತ್ತಿಗೆ ಎತ್ತುತ್ತಿದ್ದ, ಸುಮ್ನೆ ನಿಲ್ಲುತ್ತಿದ್ದ. ಆ ನಿಲ್ಲೋದಿದೆಯಲ್ಲ, ಅದೇ ಅವನ ಕಸುಬು. 600ಕ್ಕೆ ಸುತ್ತಿಗೆ ಬಿತ್ತು. ಚೀಟಿ ಅಲ್ಲೇ ಇತ್ತು, ನಾನು ನೋಡಲಿಲ್ಲ.

600 ಪೌಂಡ್ ಅಂದರೆ ಆಗ 63 ಸಾವಿರ ರೂಪಾಯಿ. ಸರಿ, ಹೋಗಲಿ ಅಂದುಕೊಂಡೆ. ಮಾರನೇ ದಿನ ಬಿಲ್ ಬಂತು. ಕೊಂಡವರ ಕಮಿಷನ್ ಶೇ. 25, ಅಂದರೆ 150. ಆ ಕಮಿಷನ್ ಮೇಲೆ ಅವರ ತೆರಿಗೆ 30. ಆನ್‌ಲೈನ್‌ನಲ್ಲಿ ಕೂಗಿದ್ದಕ್ಕೆ ಇನ್ನೊಂದು ಶೇ. 5, ಅದರ ಮೇಲೂ ತೆರಿಗೆ, ಸೇರಿ 36. ಪ್ಯಾಕಿಂಗ್, ವಿಮೆ, ಸಾಗಣೆ 64. ಒಟ್ಟು 880. ನಿಯಮಗಳಲ್ಲಿ ಎಲ್ಲಾ ಬರೆದಿತ್ತು, ಸುಳ್ಳು ಹೇಳಬಾರದು. ಓದದೆ ಟಿಕ್ ಹಾಕಿದ್ದು ನಾನು. ಕಾರ್ಡ್‌ನವರು ವಿದೇಶಿ ಹಣಕ್ಕೆ ಅಂತ ತಮ್ಮ ಪಾಲು ಮುರಿದುಕೊಂಡ ಮೇಲೆ 96 ಸಾವಿರ ದಾಟಿತ್ತು. ಫೋಟೋದಲ್ಲಿದ್ದ ಮೊಸಳೆ ಚರ್ಮದ ಪಟ್ಟಿ ಕೂಡ ಬರಲಿಲ್ಲ. ಅದನ್ನು ದೇಶ ದಾಟಿಸೋಕೆ ವನ್ಯಜೀವಿ ಪರವಾನಗಿ ಬೇಕಂತೆ, ಬಿಚ್ಚಿ ಇಟ್ಟುಕೊಂಡರು.

ಆಮೇಲೆ ಕಸ್ಟಮ್ಸ್. ಸುಂಕ ಹಾಕುವುದು ವಾಚಿನ ಬೆಲೆಗೆ ಮಾತ್ರ ಅಲ್ಲ, ಸಾಗಣೆ, ವಿಮೆ ಸೇರಿಸಿ. ಆ ಸುಂಕವನ್ನೂ ಸೇರಿಸಿಕೊಂಡು ಅದರ ಮೇಲೆ ಜಿಎಸ್‌ಟಿ. ಇದಕ್ಕಿಂತ ದೊಡ್ಡ ತಲೆನೋವು ಬಿಲ್ಲಿನಲ್ಲಿದ್ದ 'ಬಳಸಿದ ವಸ್ತು' ಅನ್ನೋ ಮಾತು. ಬಳಸಿದ ಸಾಮಾನು ತರಿಸಲು ನಮ್ಮಲ್ಲಿ ನಿರ್ಬಂಧ ಇದೆ, ಅನುಮತಿ ಪತ್ರ ಕೇಳಬಹುದು. ನನ್ನ ಹತ್ತಿರ ಕೇಳಿದರು. ಮೂರು ವಾರ ಪಾರ್ಸೆಲ್ ಅಲ್ಲೇ ಕೂತಿತ್ತು. ಸುಂಕ, ತೆರಿಗೆ, ದಂಡ, ಕೊರಿಯರ್‌ನವರ ಚಾರ್ಜು ಎಲ್ಲಾ ಸೇರಿ 47 ಸಾವಿರ ಕಟ್ಟಿ ಬಿಡಿಸಿಕೊಂಡೆ.

ಇಷ್ಟಾದರೂ ವಾಚು ಸರಿ ಇದ್ದಿದ್ದರೆ ಇದನ್ನೆಲ್ಲ ಬರೆಯುತ್ತಿರಲಿಲ್ಲ.

ನನಗೆ ಗೊತ್ತಿರುವ ರಿಪೇರಿಯವರೊಬ್ಬರಿದ್ದಾರೆ, ಎಚ್‌ಎಂಟಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಡಯಲ್ ನೋಡಿದರು. ಹಿಂದಿನ ಮುಚ್ಚಳ ಬಿಚ್ಚುವ ಮುಂಚೆಯೇ "ಇದಕ್ಕೆ ಬಣ್ಣ ಆಗಿದೆ ಸಾರ್" ಅಂದರು. ನನಗೂ ಗಾಜು ಕೊಟ್ಟರು. ನಿಮಿಷದ ಗೆರೆಗಳು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಅಕ್ಷರದ ಅಂಚುಗಳಲ್ಲಿ ಶಾಯಿ ಹರಡಿದೆ. ಮುಳ್ಳುಗಳಲ್ಲಿ ಕತ್ತಲಲ್ಲಿ ಹೊಳೆಯಲಿ ಅಂತ ಆಗ ಹಚ್ಚುತ್ತಿದ್ದ ಟ್ರಿಟಿಯಂ ಇದೆ, ಆದರೆ ಆರರ ಕೆಳಗೆ 'ಸ್ವಿಸ್ ಮೇಡ್' ಅನ್ನೋದರ ಎರಡೂ ಬದಿ ಅದರ ಗುರುತಾಗಿ ಇರಬೇಕಾದ ಪುಟ್ಟ 'ಟಿ' ಅಕ್ಷರಗಳೇ ಇಲ್ಲ.

ಮುಚ್ಚಳ ಬಿಚ್ಚಿದರು. ಮಷೀನು 565 ನಂಬರಿನದು, ಅಸಲಿ ಒಮೆಗಾ, ತಾರೀಖಿನದ್ದೇ. ಮುಚ್ಚಳದ ಒಳಗೆ ಕೆತ್ತಿದ್ದ ನಂಬರ್ ಮಾತ್ರ 165ರಿಂದ ಶುರು. ಒಮೆಗಾದವರ ಆ ಕಾಲದ ಲೆಕ್ಕದಲ್ಲಿ 165 ಅಂದರೆ ತಾರೀಖಿಲ್ಲದ ಆಟೋಮ್ಯಾಟಿಕ್, 166 ಅಂದರೆ ತಾರೀಖಿರೋದು. ಇನ್ಯಾವುದೋ ವಾಚಿನ ಮುಚ್ಚಳ! ನಾನು ನಗುತ್ತಿದ್ದ ಮುಂಬೈ ಸ್ಪೆಷಲ್ಲೇ, ಊರು ಬೇರೆ ಅಷ್ಟೆ. ರಿಪೇರಿಯವರು ಏನೂ ಅನ್ನಲಿಲ್ಲ, ಕಾಫಿ ತರಿಸಿದರು.

ಹರಾಜಿನವರಿಗೆ ಮೇಲ್ ಹಾಕಿದೆ. ನಕಲಿ ಆಗಿದ್ದರೆ ಮಾತ್ರ ವಾಪಸ್, ಡಯಲ್ ಅಸಲಿ ಅಂತ ನಾವು ಎಲ್ಲೂ ಹೇಳಿಲ್ಲ ಅಂತ ಉತ್ತರ ಬಂತು. ನಿಜ, ಹೇಳಿರಲಿಲ್ಲ. 'ವಯಸ್ಸಿಗೆ ತಕ್ಕ ಸ್ಥಿತಿಯಲ್ಲಿದೆ' ಅಂತ ಬರೆದಿದ್ದರು. ಬಣ್ಣ ಹೊಡೆದಿದ್ದಾರೆ ಅಂತ ಬರೆಯದೆ ಇರೋದು ಸುಳ್ಳಲ್ಲ ನೋಡಿ.

ದೊಡ್ಡವರೂ ಬಿದ್ದಿದ್ದಾರೆ ಅನ್ನೋದೊಂದೇ ಸಮಾಧಾನ. 2021ರಲ್ಲಿ ಜಿನೀವಾದ ಹರಾಜಿನಲ್ಲಿ 1957ರ ಒಂದು ಒಮೆಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕ್‌ಗೆ ಹೋಯಿತು. ಕೊಂಡಿದ್ದು ಒಮೆಗಾದ ಮ್ಯೂಸಿಯಂ. ಅದು ಬೇರೆ ಬೇರೆ ವಾಚುಗಳ ಭಾಗ ಜೋಡಿಸಿ ಮಾಡಿದ್ದು, ನಮ್ಮಲ್ಲೇ ಕೆಲಸ ಮಾಡುತ್ತಿದ್ದವರ ಕೈವಾಡ ಇದೆ ಅಂತ 2023ರಲ್ಲಿ ಕಂಪನಿಯೇ ಒಪ್ಪಿಕೊಂಡಿತು.

ಹಾಗಾಗಿ ಕೂಗೋ ಮುಂಚೆ ಮೂರು ಫೋಟೋ ಕೇಳಿ: ಮಷೀನು, ಮುಚ್ಚಳದ ಒಳಮೈ, ಆರರ ಹತ್ತಿರದ ಡಯಲ್. ಈಚೆಗೆ ಇನ್ನೊಂದು ಕಡೆ ಕೇಳಿದ್ದಕ್ಕೆ "ನಾವು ವಾಚು ಬಿಚ್ಚುವುದಿಲ್ಲ" ಅಂದರು. ಅಲ್ಲಿಗೆ ಬಿಟ್ಟೆ. ಬೆಲೆಯನ್ನೂ ಹಿಂದಿನಿಂದ ಲೆಕ್ಕ ಹಾಕಿ. ಮನೆಗೆ ಬಂದು ಸೇರುವಾಗ ಒಂದು ಲಕ್ಷ ಮೀರಬಾರದು ಅಂದರೆ ನೀವು ಕೂಗಬಹುದಾದದ್ದು ಹೆಚ್ಚೂಕಡಿಮೆ 45 ಸಾವಿರ, ಜಾಸ್ತಿ ಇಲ್ಲ.

ಸರ್ವಿಸ್‌ಗೆ ಇನ್ನೂ 9 ಸಾವಿರ ಆಯಿತು. ಈಗ ಚೆನ್ನಾಗಿ ಓಡುತ್ತಿದೆ, ದಿನಕ್ಕೆ ಹತ್ತು ಸೆಕೆಂಡ್ ಮುಂದೆ. ಎಷ್ಟು ಬಿತ್ತು ಅಂತ ಮನೆಯವಳು ಕೇಳಿದಾಗ 63 ಸಾವಿರ ಅಂದಿದ್ದೆ. ಇವತ್ತಿಗೂ ಅವಳ ಲೆಕ್ಕದಲ್ಲಿ ಅಷ್ಟೇ.