ಐಐಎಂಬಿ ವೀಕೆಂಡ್ ಎಂಬಿಎನಾ, ಮುಂಬೈ ಟಿಸ್‌ನ ಎಚ್‌ಆರ್ ಎಂಎನಾ?

ಟೀಮ್ ಲೀಡ್ ಆಗಿ ನಾಕೈದು ವರ್ಷ ಆಯ್ತು, ಲೀಡರ್‌ಶಿಪ್ಪು ಮ್ಯಾನೇಜ್‌ಮೆಂಟು ಸರಿಯಾಗಿ ಓದ್ಬೇಕು ಅನ್ನೋರು ಕೊನೆಗೆ ಬೆಂಗಳೂರಿನ ಐಐಎಂ (ಐಐಎಂಬಿ) ವೀಕೆಂಡ್ ಎಂಬಿಎ, ಮುಂಬೈನ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್ (ಟಿಸ್) ಎಚ್‌ಆರ್ ಎಂಎ, ಅಂದ್ರೆ ಸಿಬ್ಬಂದಿ ನೋಡಿಕೊಳ್ಳೋ ಕೆಲಸದ ಓದು, ಈ ಎರಡರ ಮಧ್ಯೆ ಸಿಕ್ಕಾಕೊಳ್ತಾರೆ. ಎರಡೂ ಎರಡೆರಡು ವರ್ಷ, ಆದ್ರೆ ಜಾತಿನೇ ಬೇರೆ.

ಬನ್ನೇರುಘಟ್ಟ ರೋಡಲ್ಲಿರೋ ಐಐಎಂಬಿದು ಕೆಲಸ ಬಿಡದೆ ಓದೋ ಕೋರ್ಸು. ಫೈನಾನ್ಸು, ಮಾರ್ಕೆಟಿಂಗು, ಆಪರೇಷನ್ಸು ಎಲ್ಲಾ ಇರತ್ತೆ, ಜನರನ್ನ ಬೆಳೆಸೋ ವಿಷಯ ಅದರಲ್ಲಿ ಒಂದು ಭಾಗ ಅಷ್ಟೇ. ನಾನು ಮಾಡಿದ್ದು ಇದೇ. ವಾರದ ಕೊನೇಲಿ ಕ್ಲಾಸಲ್ಲಿ ಫೀಡ್‌ಬ್ಯಾಕ್ ಕೊಡೋದು ಹೇಗೆ ಅಂತ ಚರ್ಚೆ ಆಯ್ತು, ಸೋಮವಾರ ಆಫೀಸಲ್ಲಿ ನಮ್ಮ ಟೀಮ್ ಹುಡುಗನ ಎದುರು ಕೂತು ಮೊದಲನೇ ಸಲ ಹತ್ತು ನಿಮಿಷ ಬಾಯ್ಮುಚ್ಕೊಂಡು ಅವನ ಮಾತು ಪೂರ್ತಿ ಕೇಳಿದೆ, ಅವನಿಗೆ ಕೆಲಸ ಬೇಜಾರಾಗಿರಲಿಲ್ಲ, ರಾತ್ರಿ ಕಾಲ್‌ಗಳು ಸಾಕಾಗಿದ್ವು ಅನ್ನೋದು ಆಗ್ಲೇ ಗೊತ್ತಾಗಿದ್ದು. ಕಲಿತಿದ್ದನ್ನ ಅಲ್ಲಲ್ಲೇ ಮಾಡಿ ನೋಡೋ ಈ ಅವಕಾಶ ನನಗೆ ಎಲ್ಲಕ್ಕಿಂತ ದೊಡ್ಡದು. ಆದ್ರೆ ಮನೆಯವರ ಜೊತೆ ಮೊದ್ಲೇ ಮಾತಾಡಿ, ಎರಡು ವರ್ಷ ಮದುವೆ, ನಾಮಕರಣ ಎಲ್ಲಾ ತಪ್ಪೋಗತ್ತೆ.

ಟಿಸ್ 1936ರಲ್ಲಿ ಸೋಷಿಯಲ್ ವರ್ಕ್ ಶಾಲೆಯಾಗಿ ಶುರುವಾಗಿದ್ದು, ಆ ಗುಣ ಈಗ್ಲೂ ಇದೆ. ಕಾರ್ಮಿಕ ಕಾನೂನು, ಯೂನಿಯನ್ನು, ಫೀಲ್ಡ್‌ವರ್ಕು, ಅಂದ್ರೆ ಸಂಸ್ಥೆನ ಕೆಳಗಿನಿಂದ ನೋಡೋದು ಕಲೀತೀರ. ಕೆಲಸ ಬಿಡ್ಬೇಕು, ಮುಂಬೈ ದೇವನಾರಲ್ಲಿ ಇರ್ಬೇಕು, ಸಂಬಳ ಇಲ್ಲ. ಎಚ್‌ಆರ್ ಅಥವಾ ಟ್ರೈನಿಂಗ್ ಕಡೆಗೇ ಪೂರ್ತಿ ಹೊರಳೋರಿಗೆ ನಾನು ಕಣ್ಮುಚ್ಚಿ ಇದನ್ನೇ ಹೇಳ್ತೀನಿ, ಇರೋ ಲೈನಲ್ಲೇ ಮೇಲೆ ಹೋಗೋರಿಗೆ ಬೇಡ.

ಅರ್ಜಿ ಹಾಕೋ ಮುಂಚೆ ಎರಡೂ ಕಡೆ ಈ ವರ್ಷದ ಸಿಲೆಬಸ್ ಕೂತು ಓದಿ, ಹಳೇ ವಿದ್ಯಾರ್ಥಿ ಒಬ್ಬರ ಹತ್ರನಾದ್ರೂ ಮಾತಾಡಿ.