ಹಳೆಯ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಮತ್ತು 8 ಜಿಬಿ ರ‍್ಯಾಮ್: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ಇಂಟೆಲ್‌ನ ನಾಲ್ಕನೆಯ ತಲೆಮಾರಿನ ಐ5 ಪ್ರೊಸೆಸರ್, 4 ಜಿಬಿ ರ‍್ಯಾಮ್ ಮತ್ತು ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಇದ್ದ ನನ್ನ ಲ್ಯಾಪ್‌ಟಾಪ್‌ಗೆ ಸಾಟಾ ಎಂಬ ಬಗೆಯ ಜೋಡಣೆಯಿರುವ ಒಂದು ಎಸ್‌ಎಸ್‌ಡಿಯನ್ನೂ (ತಟ್ಟೆಯ ಬದಲು ಚಿಪ್ಪುಗಳಲ್ಲಿ ಮಾಹಿತಿ ಇಡುವ ಡ್ರೈವ್) 8 ಜಿಬಿಯ ಒಂದು ರ‍್ಯಾಮ್ ಸ್ಟಿಕ್ಕನ್ನೂ ನಾನೇ ಹಾಕಿಕೊಂಡು ಬಹಳ ಕಾಲವಾಯಿತು. ಎಸ್‌ಎಸ್‌ಡಿಯ ಬಗ್ಗೆ ಹೊಗಳಿಕೆಯ ಹೊರತು ಬೇರೆ ಮಾತಿಲ್ಲ. ರ‍್ಯಾಮ್ ಬಗ್ಗೆ ಹೇಳಬೇಕಾದದ್ದು ಬಹಳ ಇದೆ, ಇದನ್ನು ಬರೆಯಲು ಕೂತದ್ದೂ ಅದಕ್ಕಾಗಿಯೇ.

ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ಪರದೆಯ ಒಂದು ಬದಿಗೆ ತೆರೆದಿಟ್ಟುಕೊಂಡು ಇನ್ನೊಂದು ಬದಿಯಲ್ಲಿ ಪಠ್ಯ ತಿದ್ದುವುದು ನನ್ನ ಕೆಲಸ. ಇದಕ್ಕೆ ಭಾರಿ ಪ್ರೊಸೆಸರ್ ಬೇಕಿಲ್ಲ. ಕೀಲಿಮಣೆ ಹಿತವಾಗಿರಬೇಕು, ದೊಡ್ಡ ಪಿಡಿಎಫ್‌ನ ಪುಟಗಳು ತಡೆಯಿಲ್ಲದೆ ತಿರುಗಬೇಕು, ಅಷ್ಟೇ. ಈ ಯಂತ್ರದ ಕೀಲಿಮಣೆ ನನ್ನ ಬೆರಳುಗಳಿಗೆ ಒಗ್ಗಿಹೋಗಿದೆ, ಹೊಸ ಯಂತ್ರಕ್ಕೆ ಹಣ ಹೊಂದಿಸುವ ಸ್ಥಿತಿಯೂ ಆಗ ಇರಲಿಲ್ಲ. ಹಾಗಾಗಿ ಇದ್ದದ್ದನ್ನೇ ಸುಧಾರಿಸಿಕೊಳ್ಳುವುದೆಂದು ತೀರ್ಮಾನಿಸಿದೆ.

ಬಿಚ್ಚುವ ಕೆಲಸಕ್ಕೆ ಹೆದರಬೇಕಾಗಿಲ್ಲ. ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಒಳಗೆ ಉಳಿದ ವಿದ್ಯುತ್ತು ಹರಿದುಹೋಗಲೆಂದು ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಮೈಯಲ್ಲಿನ ಸ್ಥಿರ ವಿದ್ಯುತ್ತು ಇಳಿಯುವಂತೆ ಬರಿಯ ಲೋಹವನ್ನು ಮುಟ್ಟಿದ ಮೇಲೆ ತಳದ ಮುಚ್ಚಳಕ್ಕೆ ಕೈ ಹಾಕಬೇಕು. ಸ್ಕ್ರೂಗಳೆಲ್ಲ ಒಂದೇ ಉದ್ದದವಲ್ಲವಾದ್ದರಿಂದ ರಟ್ಟಿನ ಮೇಲೆ ಮುಚ್ಚಳದ ಆಕಾರ ಬರೆದು, ಒಂದೊಂದನ್ನೂ ಅದರದರ ಜಾಗದಲ್ಲೇ ಚುಚ್ಚಿಟ್ಟೆ. ರ‍್ಯಾಮ್‌ನ ಅಂಚಿನ ಕಚ್ಚು ಸ್ಲಾಟಿನ ಉಬ್ಬಿಗೆ ಹೊಂದುವಂತೆ ಹಿಡಿದು, ಓರೆಯಾಗಿ ಕೊನೆಯವರೆಗೆ ತೂರಿಸಿ ಕೆಳಕ್ಕೆ ಒತ್ತಿದರೆ ಎರಡೂ ಬದಿಯ ಕೊಕ್ಕೆಗಳು ಟಕ್ಕೆಂದು ಹಿಡಿದುಕೊಳ್ಳುತ್ತವೆ. ಚಿನ್ನದ ಬಣ್ಣದ ಹಲ್ಲುಗಳು ಇನ್ನೂ ಅಗಲವಾಗಿ ಹೊರಗೆ ಕಾಣುತ್ತಿದ್ದರೆ ಅದು ಪೂರ್ತಿ ಕೂತಿಲ್ಲವೆಂದೇ ಅರ್ಥ. ಕೊಳ್ಳುವಾಗ ವೋಲ್ಟೇಜನ್ನು ಮಾತ್ರ ಮರೆಯದೆ ನೋಡಬೇಕು. ಡಿಡಿಆರ್3 ರ‍್ಯಾಮ್ 1.5 ವೋಲ್ಟಿನದು, ಡಿಡಿಆರ್3ಎಲ್ 1.35 ವೋಲ್ಟಿನದು. ಲ್ಯಾಪ್‌ಟಾಪಿನವುಗಳಲ್ಲಿ ಎರಡಕ್ಕೂ 204 ಪಿನ್ನುಗಳೇ, ಕಚ್ಚೂ ಒಂದೇ ಕಡೆ ಇರುವುದರಿಂದ ತಪ್ಪು ಬಗೆಯದು ಬಂದರೂ ಸ್ಲಾಟ್ ತಡೆಯುವುದಿಲ್ಲ. ನನ್ನ ಯಂತ್ರಕ್ಕೆ ಬೇಕಾದದ್ದು 1.35 ವೋಲ್ಟಿನದು.

ಎಸ್‌ಎಸ್‌ಡಿ ಕೊಟ್ಟ ಸುಖ ಬೆಳಗಿನ ಹೊತ್ತು ಹೆಚ್ಚಾಗಿ ತಿಳಿಯುತ್ತದೆ. ಮೊದಲು ಬಟನ್ ಒತ್ತಿ ಬೇರೆ ಕೆಲಸ ಮುಗಿಸಿಕೊಂಡು ಬಂದರೂ ಡಿಸ್ಕಿನ ದೀಪ ಮಿನುಗುತ್ತಲೇ ಇರುತ್ತಿತ್ತು, ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ಬಳಕೆ ನೂರು ಶೇಕಡಾ ಎಂದು ತೋರಿಸುತ್ತಿತ್ತು. ಈಗ ಕುರ್ಚಿ ಎಳೆದು ಕೂರುವಷ್ಟರಲ್ಲಿ ಡೆಸ್ಕ್‌ಟಾಪ್ ಸಿದ್ಧವಾಗಿರುತ್ತದೆ. ನಿನ್ನೆ ನಿಲ್ಲಿಸಿದ ಕಡತವನ್ನು ತೆರೆಯುತ್ತೇನೆ, ಸ್ಕ್ಯಾನ್ ಪ್ರತಿಯನ್ನು ಅದೇ ಪುಟಕ್ಕೆ ತರುತ್ತೇನೆ, ನಿಘಂಟಿನ ಟ್ಯಾಬನ್ನು ಬಲಕ್ಕೆ ಸರಿಸುತ್ತೇನೆ, ಮೊದಲ ಸಾಲು ತಿದ್ದಲು ಶುರುಮಾಡುತ್ತೇನೆ. ಇದಕ್ಕೆ ಕಾರಣ ಸರಳವಾಗಿದೆ. 5400 ಸುತ್ತಿನ ತಟ್ಟೆ ಒಂದು ಸುತ್ತು ಮುಗಿಸಲು ಸುಮಾರು 11 ಮಿಲಿಸೆಕೆಂಡು ಬೇಕು, ಓದುವ ಸೂಜಿ ಸರಿಯಾದ ಜಾಡಿಗೆ ಸರಿಯುವ ಸಮಯ ಅದರ ಮೇಲೆ ಬೇರೆ. ಯಂತ್ರ ಎದ್ದೇಳುವಾಗ ಅಲ್ಲಲ್ಲಿ ಚದುರಿದ ಸಾವಿರಾರು ಚಿಕ್ಕ ಕಡತಗಳನ್ನು ಓದಬೇಕಾಗುವುದರಿಂದ ಈ ಕಾಯುವಿಕೆಯೆಲ್ಲ ಒಟ್ಟಾಗುತ್ತಿತ್ತು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಸಾಟಾ ಮೂರನೆಯ ಆವೃತ್ತಿಯ ಮಿತಿಯಿಂದಾಗಿ ಅದು ಸೆಕೆಂಡಿಗೆ ಸುಮಾರು 550 ಎಂಬಿಯಲ್ಲಿ ನಿಲ್ಲುತ್ತದೆ ಎಂಬ ಆಕ್ಷೇಪ ನಿಜವಾದರೂ ನನ್ನ ಬಗೆಯ ಕೆಲಸದಲ್ಲಿ ಆ ಮಿತಿ ಒಮ್ಮೆಯೂ ಅಡ್ಡ ಬಂದಿಲ್ಲ.

ರ‍್ಯಾಮ್ ವಿಷಯದಲ್ಲಿ ಮೊದಮೊದಲು ಇದೇ ತೃಪ್ತಿ ಇತ್ತು. ಹಳೆಯ 4 ಜಿಬಿಯನ್ನೂ ಉಳಿಸಿಕೊಂಡಿದ್ದರಿಂದ ಒಟ್ಟು 12 ಜಿಬಿ ಆಗಿತ್ತು, ಎಷ್ಟು ಟ್ಯಾಬ್ ತೆರೆದರೂ ಯಂತ್ರ ತಡವರಿಸುತ್ತಿರಲಿಲ್ಲ. ಆಮೇಲೆ ಯಾವಾಗಲೋ ಒಮ್ಮೆ ಬ್ರೌಸರ್ ತಾನಾಗಿಯೇ ಮುಚ್ಚಿಕೊಳ್ಳತೊಡಗಿತು. ನೀಲಿ ಪರದೆ ಕಂಡಿತು, ಪ್ರತಿ ಸಲವೂ ಬೇರೆ ಬೇರೆ ಕಾರಣ ಬರೆದುಕೊಂಡು. ಹಿಂದಿನ ವಾರ ಚೆನ್ನಾಗಿ ತೆರೆದಿದ್ದ ಒಂದು ಪಿಡಿಎಫ್‌ನ ನಡುವಿನ ಪುಟವೊಂದು ಅರ್ಧದಿಂದ ಕೆಳಗೆ ಬೂದು ಪಟ್ಟೆಗಳಾಗಿ ಕಾಣಿಸಿದಾಗ ನನಗೆ ನಿಜಕ್ಕೂ ಗಾಬರಿಯಾಯಿತು. ಇಂಥಲ್ಲಿ ಯಾರಿಗಾದರೂ ಮೊದಲು ಅನುಮಾನ ಬರುವುದು ಎಸ್‌ಎಸ್‌ಡಿಯ ಮೇಲೆ. ಆದರೆ ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಯಾವ ದೋಷವೂ ಇರಲಿಲ್ಲ.

ಸುಳಿವು ಸಿಕ್ಕಿದ್ದು ಚೆಕ್‌ಸಮ್‌ನಿಂದ, ಅಂದರೆ ಕಡತದ ಎಲ್ಲ ಬೈಟುಗಳಿಂದ ಲೆಕ್ಕ ಹಾಕಿ ತೆಗೆಯುವ ಗುರುತಿನ ಸಂಖ್ಯೆಯಿಂದ. ಯಾರೂ ಮುಟ್ಟದ ಒಂದು ದೊಡ್ಡ ಕಡತದ ಚೆಕ್‌ಸಮ್ಮನ್ನು ಎಷ್ಟು ಸಲ ಲೆಕ್ಕ ಹಾಕಿದರೂ ಉತ್ತರ ಒಂದೇ ಬರಬೇಕು. ನನ್ನಲ್ಲಿ ಒಂದು ಸಲ ಬಂದ ಉತ್ತರ ಇನ್ನೊಂದು ಸಲ ಬರಲಿಲ್ಲ. ಡಿಸ್ಕಿನಿಂದ ಓದಿದ ಪ್ರತಿಯೊಂದು ಬೈಟೂ ರ‍್ಯಾಮ್ ಮೂಲಕವೇ ಹಾದುಹೋಗುತ್ತದೆ. ಅಲ್ಲಿ ಒಂದು ಬಿಟ್ ಸೊನ್ನೆಯಿಂದ ಒಂದಕ್ಕೆ ತಿರುಗಿದರೆ, ನಕಲು ಮಾಡುವಾಗಲೋ ಉಳಿಸುವಾಗಲೋ ಆ ತಪ್ಪೇ ಸರಿಯೆಂಬಂತೆ ಡಿಸ್ಕಿಗೆ ಬರೆದುಹೋಗುತ್ತದೆ. ಸರ್ವರುಗಳಲ್ಲಿ ಬಳಸುವ ಇಸಿಸಿ ರ‍್ಯಾಮ್‌ಗಳಲ್ಲಿ ಪ್ರತಿ 64 ಬಿಟ್ಟಿಗೆ 8 ಹೆಚ್ಚುವರಿ ಬಿಟ್ಟುಗಳನ್ನಿಟ್ಟು ಇಂಥ ತಪ್ಪನ್ನು ಹಿಡಿದು ತಿದ್ದುತ್ತಾರೆ. ಮನೆಬಳಕೆಯ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಆ ಏರ್ಪಾಡಿಲ್ಲದ ಕಾರಣ ತಪ್ಪಾಗಿದೆ ಎಂಬುದೇ ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86+ ಎಂಬ ರ‍್ಯಾಮ್ ಪರೀಕ್ಷೆಯ ತಂತ್ರಾಂಶವನ್ನು ಚಾಲೂ ಮಾಡಿ ರಾತ್ರಿಯಿಡೀ ಬಿಟ್ಟೆ. ಮೊದಲ ಕೆಲವು ಪರೀಕ್ಷೆಗಳು ಸಲೀಸಾಗಿ ಮುಗಿದವು. ಬೆಳಿಗ್ಗೆ ನೋಡಿದಾಗ ಪರದೆಯ ಕೆಳಭಾಗದಲ್ಲಿ ಕೆಂಪು ಸಾಲುಗಳಿದ್ದವು, ಎಲ್ಲವೂ ಹೆಚ್ಚುಕಡಿಮೆ ಒಂದೇ ವಿಳಾಸದ ಸುತ್ತಮುತ್ತ. ಹಳೆಯ ಸ್ಟಿಕ್ಕನ್ನು ಒಂದೊಂದು ಸ್ಲಾಟಿನಲ್ಲೂ ಒಂಟಿಯಾಗಿ ಹಾಕಿ ಪರೀಕ್ಷಿಸಿದರೆ ಎರಡು ಕಡೆಯೂ ಸರಿಯಿತ್ತು. ಹೊಸದು ಎರಡು ಕಡೆಯೂ ತಪ್ಪು ತೋರಿಸಿತು, ಅದೂ ಯಂತ್ರ ಚೆನ್ನಾಗಿ ಬಿಸಿಯಾದ ಮೇಲೆ ಮಾತ್ರ. ಅಲ್ಲಿಗೆ ಸ್ಲಾಟಿನ ಮೇಲೂ ಮದರ್‌ಬೋರ್ಡಿನ ಮೇಲೂ ಇದ್ದ ಅನುಮಾನ ತೀರಿತು.

ಮಾರಾಟಗಾರರ ಉತ್ತರ ನನ್ನನ್ನು ಬಹಳ ನೋಯಿಸಿತು. ನಿಮ್ಮ ಲ್ಯಾಪ್‌ಟಾಪ್ ಹಳೆಯದು, ವಿಂಡೋಸ್ ಮತ್ತೆ ಹಾಕಿ ನೋಡಿ ಎಂದರು. ಮೆಮ್‌ಟೆಸ್ಟ್ ವಿಂಡೋಸನ್ನು ಮುಟ್ಟದೆಯೇ ನಡೆಯುವ ಪರೀಕ್ಷೆ ಎಂದು ವಿವರಿಸಿ, ಕೆಂಪು ಸಾಲುಗಳ ಫೋಟೋ ಕಳುಹಿಸಿದರೂ ಅದೇ ಉತ್ತರ ಇನ್ನೊಮ್ಮೆ ಬಂತು. ಕೊನೆಗೆ ರ‍್ಯಾಮ್ ತಯಾರಕರ ವಾರಂಟಿ ವಿಭಾಗಕ್ಕೇ ನೇರವಾಗಿ ಬರೆದೆ. ಅವರು ಸರಣಿ ಸಂಖ್ಯೆ ಮತ್ತು ಫೋಟೋ ಕೇಳಿ, ಹೆಚ್ಚು ಚರ್ಚಿಸದೆ ಬೇರೆಯದನ್ನು ಕಳುಹಿಸಿದರು. ಅದು ಬರುವವರೆಗೆ 4 ಜಿಬಿಯಲ್ಲೇ ಕೆಲಸ ಮಾಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಸ್ಕ್ಯಾನ್ ಪ್ರತಿ ಮತ್ತು ತಿದ್ದುವ ಕಡತ ಎರಡೇ ತೆರೆದಿದ್ದರೆ ಎಸ್‌ಎಸ್‌ಡಿಯ ಬಲದಿಂದ ಯಂತ್ರ ಚುರುಕಾಗಿಯೇ ಇರುತ್ತದೆ, ಬ್ರೌಸರ್ ಸೇರಿಕೊಂಡ ಕೂಡಲೇ ಹೆಚ್ಚುವರಿ ರ‍್ಯಾಮ್‌ನ ಬೆಲೆ ತಿಳಿಯುತ್ತದೆ.

ದೋಷದ ರ‍್ಯಾಮ್ ಒಳಗಿದ್ದ ಅವಧಿಯಲ್ಲಿ ನಕಲಾದ ಕಡತಗಳನ್ನು ನಂಬುವಂತಿರಲಿಲ್ಲ. ಕಳಚಿದ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿ ಇಟ್ಟುಕೊಂಡದ್ದು ಆಗ ಕೈಹಿಡಿಯಿತು. ಎರಡೂ ಕಡೆಯ ಚೆಕ್‌ಸಮ್ ಹೋಲಿಸಿ, ತಾಳೆಯಾಗದ ಸ್ಕ್ಯಾನ್ ಪ್ರತಿಗಳನ್ನು ಮೂಲದಿಂದ ಮತ್ತೆ ತಂದುಕೊಂಡೆ. ಬೇಸರದ ಕೆಲಸವಾದರೂ ಒಂದು ಪುಟವೂ ನಷ್ಟವಾಗಲಿಲ್ಲ. ಬದಲಿಯಾಗಿ ಬಂದ ಸ್ಟಿಕ್ಕನ್ನು ರಾತ್ರಿಯ ಪರೀಕ್ಷೆ ದಾಟಿದ ಮೇಲೆಯೇ ಕೆಲಸಕ್ಕೆ ಬಳಸಿದೆ. ಅಂದಿನಿಂದ ಇಂದಿನವರೆಗೆ ಅದು ಒಂದು ದೂರಿಗೂ ಎಡೆಕೊಟ್ಟಿಲ್ಲ.

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ. ಎಷ್ಟು ರ‍್ಯಾಮ್ ಹಾಕಿದರೂ ಆ ಬಾಗಿಲು ತೆರೆಯುವುದಿಲ್ಲವೆಂಬುದನ್ನು ಇಂಥ ಯಂತ್ರಕ್ಕೆ ಹಣ ಹಾಕುವವರು ಮೊದಲೇ ತಿಳಿದಿರಬೇಕು. ನಾನು ವಿಂಡೋಸ್ ಬಿಟ್ಟು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಗೆ ಬಂದಿದ್ದೇನೆ. ಅದರಲ್ಲಿ ಬಳಸುವ ಟೈಪಿಂಗ್ ತಂತ್ರಾಂಶ ಐಬಸ್‌ನಲ್ಲಿ ಕಗಪ ಎಂಬ ಕನ್ನಡ ಕೀಲಿಮಣೆ ವಿನ್ಯಾಸ ಸಿಗುವುದರಿಂದ ಟೈಪಿಂಗ್ ಅಭ್ಯಾಸ ಬದಲಿಸಬೇಕಾಗಲಿಲ್ಲ. ದಿನದ ಕೆಲಸದಲ್ಲಿ 12 ಜಿಬಿಯ ಅರ್ಧದಷ್ಟು ಸದಾ ಖಾಲಿಯೇ ಇರುತ್ತದೆಯಾದ್ದರಿಂದ ಹಳೆಯ 4 ಜಿಬಿ ಸ್ಟಿಕ್ಕನ್ನು ಬದಲಿಸಿ 16ಕ್ಕೆ ಏರಿಸುವ ಯೋಚನೆ ನನಗಿಲ್ಲ. ಕೈಯಲ್ಲಿ ಹಣ ಕೂಡಿದಾಗ ಮೊದಲು ಬರುವುದು ಬ್ಯಾಟರಿ. ಈಗಿನದು ಚಾರ್ಜರ್ ಕಿತ್ತರೆ ಒಂದು ಅಧ್ಯಾಯ ತಿದ್ದುವಷ್ಟು ಹೊತ್ತೂ ಬಾಳುವುದಿಲ್ಲ.