ಪ್ರಸಂಗಪೀಠಕ್ಕೆ ಧಾರಾಳ, ಭೇಟಿಯ ಕೋಣೆಗೆ ಕೊರತೆ: ಪಾಲನಾ ಸೇವೆ ಮತ್ತು ಸಾಮಾಜಿಕ ಪ್ರಶ್ನೆಗಳ ಕುರಿತ ಒಂದು ಆನ್‌ಲೈನ್ ಕೋರ್ಸು

ಕ್ರೈಸ್ತ ಸಭಾಪಾಲಕರಿಗೂ (ಪಾಸ್ಟರುಗಳಿಗೂ), ಸಭೆಯ (ಚರ್ಚಿನ) ಪರವಾಗಿ ರೋಗಿಗಳನ್ನೂ ದುಃಖದಲ್ಲಿರುವವರನ್ನೂ ಕಂಡು ಬರುವ, ಅಂದರೆ ಪಾಲನಾ ಸೇವೆ ಮಾಡುವ, ನನ್ನಂಥ ಸಾಮಾನ್ಯ ವಿಶ್ವಾಸಿಗಳಿಗೂ ಒಂದು ದೈವಶಾಸ್ತ್ರ ಶಿಕ್ಷಣ ಸಂಸ್ಥೆ ನಡೆಸುವ 12 ವಾರಗಳ ಆನ್‌ಲೈನ್ ಕೋರ್ಸನ್ನು ಈಚೆಗೆ ಮುಗಿಸಿದೆ. ವಾರಕ್ಕೆ ಎರಡು ಉಪನ್ಯಾಸ, ಒಂದಿಷ್ಟು ಓದು, ಹದಿನೈದು ದಿನಕ್ಕೊಮ್ಮೆ ನೇರ ಚರ್ಚೆ, ಕೊನೆಯಲ್ಲಿ ಒಂದು ಪ್ರಬಂಧ. ಇದಿಷ್ಟು ಅದರ ಚೌಕಟ್ಟು. ದೂರು ಹೇಳುವುದೂ ಇರುವುದರಿಂದ ಸಂಸ್ಥೆಯ ಹೆಸರನ್ನು ಬಿಟ್ಟಿದ್ದೇನೆ.

ಮೊದಲ ವಾರವೇ ಕೋರ್ಸಿನ ಅತ್ಯುತ್ತಮ ಗುಣ ಕಾಣಿಸಿತು. ಬೆಲ್ಜಿಯಂನ ಗುರು ಜೋಸೆಫ್ ಕಾರ್ಡೈನ್ ದುಡಿಯುವ ಯುವಕರ ನಡುವೆ ರೂಢಿಸಿದ, 1961ರಲ್ಲಿ ಪೋಪ್ 23ನೇ ಜಾನ್ ತಮ್ಮ ಪತ್ರದಲ್ಲಿ ಎತ್ತಿಹಿಡಿದ 'ನೋಡು, ವಿವೇಚಿಸು, ನಡೆ' ಎಂಬ ಕ್ರಮವನ್ನು ಅಧ್ಯಾಪಕರು ಬರಿಯ ವಿವರಣೆಗೆ ಬಿಡದೆ ನಮ್ಮಿಂದ ಮಾಡಿಸಿದರು. ಮನೆಗೆಲಸದ ಹೆಂಗಸೊಬ್ಬಳಿಗೆ ಸಂಬಳ ಬಾಕಿಯಿದೆ, ಬಾಕಿ ಇಟ್ಟವರು ಸಭೆಯ ಹಿರಿಯರೇ ಆಗಿದ್ದಾರೆ ಎಂಬುದು ಕೊಟ್ಟ ಸನ್ನಿವೇಶ. ನಮ್ಮಲ್ಲೊಬ್ಬರು ತಕ್ಷಣ ಬೈಬಲಿನ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯಕ್ಕೆ ಕೈಹಾಕಿದರು; ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ ಎಂಬ ಮಾತು ಅಲ್ಲಿದೆ. ಅಧ್ಯಾಪಕರು ಅವರನ್ನು ತಡೆದು, ಎಷ್ಟು ತಿಂಗಳ ಬಾಕಿ, ಲೆಕ್ಕ ಯಾರ ಬಳಿ ಇದೆ, ಅವಳು ಬಾಯಿಬಿಟ್ಟರೆ ಕೆಲಸ ಹೋಗುತ್ತದೆಯೇ ಎಂದು ಕೇಳಿದರು. ಅಷ್ಟನ್ನು ತಿಳಿದ ಮೇಲೆ ಅದೇ ವಚನವನ್ನು ಓದಿದಾಗ ಅದರ ಭಾರ ಬೇರೆಯೇ ಆಗಿತ್ತು.

ನಾಲ್ಕರಿಂದ ಏಳನೆಯ ವಾರದವರೆಗಿನ ಇತಿಹಾಸದ ಭಾಗಕ್ಕಾಗಿಯೇ ಕೋರ್ಸಿಗೆ ಸೇರಬಹುದು. 1891ರಲ್ಲಿ ಪೋಪ್ 13ನೇ ಲಿಯೋ ಕಾರ್ಮಿಕರಿಗೆ ನ್ಯಾಯವಾದ ಕೂಲಿಯನ್ನೂ ಸಂಘ ಕಟ್ಟುವ ಹಕ್ಕನ್ನೂ ಸಮರ್ಥಿಸಿ ಬರೆದ ಪತ್ರವನ್ನು ಹೊಗಳಿ ಮುಂದೆ ಹೋಗುವುದು ಸುಲಭವಿತ್ತು. ಅದೇ ಪತ್ರ ಖಾಸಗಿ ಆಸ್ತಿಯ ಪರವಾಗಿ, ಸಮಾಜವಾದದ ವಿರುದ್ಧವಾಗಿ ಎಷ್ಟು ಗಟ್ಟಿಯಾಗಿ ವಾದಿಸುತ್ತದೆ ಎಂಬುದನ್ನೂ ಇಲ್ಲಿ ಓದಿಸುತ್ತಾರೆ. ಜರ್ಮನಿಯ 1934ರ ಬಾರ್ಮೆನ್ ಘೋಷಣೆ ಸಭೆಯನ್ನು ನಾಜಿ ಪ್ರಭುತ್ವದ ಅಡಿಯಾಳಾಗಿಸುವುದನ್ನು ತಿರಸ್ಕರಿಸಿತಾದರೂ ಯೆಹೂದ್ಯರ ಕುರಿತು ಒಂದು ಮಾತನ್ನೂ ಆಡಲಿಲ್ಲವೆಂಬುದನ್ನೂ, ಅದರ ಮುಖ್ಯ ಕರಡುಕಾರ ಕಾರ್ಲ್ ಬಾರ್ತ್ ಮುಂದೆ ಇದನ್ನು ತಮ್ಮ ತಪ್ಪೆಂದು ಒಪ್ಪಿಕೊಂಡುದನ್ನೂ ಮುಚ್ಚಿಡುವುದಿಲ್ಲ.

ದಕ್ಷಿಣ ಆಫ್ರಿಕಾಕ್ಕೆ ಮೀಸಲಿಟ್ಟ ಎರಡು ವಾರಗಳು ಇನ್ನೂ ಮೇಲು. ಡಚ್ ರಿಫಾರ್ಮ್ಡ್ ಸಭೆಯ 1857ರ ಸಿನಡ್ (ಸಭೆಯ ತೀರ್ಮಾನಗಳನ್ನು ಮಾಡುವ ಮಹಾಸಭೆ), ಬಿಳಿಯರೂ ಬಿಳಿಯರಲ್ಲದವರೂ ಕೂಡಿ ಆರಾಧಿಸುವುದೇ ವಚನಕ್ಕೆ ಒಪ್ಪುವಂಥದೆಂದು ಹೇಳುತ್ತಲೇ, ಕೆಲವರ ಬಲಹೀನತೆಯ ಕಾರಣ ಬೇರೆ ಬೇರೆಯಾಗಿ ಕೂಡಬಹುದೆಂದು ಅನುಮತಿಸಿತು. ಆ ಪಾಲನಾತ್ಮಕ ರಿಯಾಯಿತಿ ಮುಂದೆ ವರ್ಣಭೇದ ನೀತಿಗೆ ದೈವಶಾಸ್ತ್ರದ ಸಮರ್ಥನೆ ಸಿದ್ಧವಾಗಲು ಹೇಗೆ ದಾರಿ ಮಾಡಿತು, 1982ರಲ್ಲಿ ಕರಡಾದ ಬೆಲ್ಹಾರ್ ವಿಶ್ವಾಸಪ್ರಮಾಣ ಅದನ್ನು ಹೇಗೆ ಎದುರಿಸಿತು, 1985ರ ಕೈರೋಸ್ ದಸ್ತಾವೇಜು ನ್ಯಾಯವಿಲ್ಲದ ಸಮಾಧಾನವನ್ನು ಬೋಧಿಸುವ ಸಭೆಗಳನ್ನು ಏಕೆ ತರಾಟೆಗೆ ತೆಗೆದುಕೊಂಡಿತು ಎಂಬ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಬಿಡಿಸುತ್ತಾರೆ. ಹಿಂಸೆಯ ಆಡಳಿತಕ್ಕಿಂತ ಮೊದಲು ಒಂದು ದಾಕ್ಷಿಣ್ಯದ ವಾಕ್ಯವಿತ್ತು ಎಂಬುದು ನನ್ನನ್ನು ಬಹಳ ದಿನ ಕಾಡಿತು. ನಮ್ಮ ಸಮಿತಿಗಳಲ್ಲಿ ದಾಕ್ಷಿಣ್ಯಕ್ಕೆ ಬರೆಯುವ ವಾಕ್ಯಗಳು ಕಡಿಮೆಯೇನಿಲ್ಲ. ಆತ್ಮಗಳ ರಕ್ಷಣೆಯಷ್ಟೇ ಸಭೆಯ ಕೆಲಸವೆಂದು ವಾದಿಸುತ್ತಿದ್ದ ಸಹಪಾಠಿಯೊಬ್ಬರಿಗೆ ಅಧ್ಯಾಪಕರು ಲೊಸಾನ್‌ನಲ್ಲಿ 1974ರಲ್ಲಿ ಸುವಾರ್ತಾ ಪಂಥದವರೇ ಮಾಡಿಕೊಂಡ ಒಡಂಬಡಿಕೆಯ, ಸಾಮಾಜಿಕ ಹೊಣೆಯೂ ಕ್ರೈಸ್ತರ ಕರ್ತವ್ಯವೆನ್ನುವ 5ನೇ ವಿಭಾಗವನ್ನು ತೋರಿಸಿದ್ದೂ ಇದೇ ವಾರಗಳಲ್ಲಿ.

ಪರಿಸರದ ವಾರ ಸಪ್ಪೆ. ಆದಿಕಾಂಡ 1:28ರ ದೊರೆತನವನ್ನು 2:15ರ ಕಾಯುವ ಕೆಲಸದೊಂದಿಗೆ ಹೋಲಿಸಿ, ಪೋಪ್ ಫ್ರಾನ್ಸಿಸರ 2015ರ ಪತ್ರವನ್ನು ಹೆಸರಿಸಿ ಮುಗಿಸಿದರು. ತಂತ್ರಜ್ಞಾನದ ವಾರದ ಬಗ್ಗೆ ಬರೆಯುವಂಥದು ಏನೂ ಇಲ್ಲ.

ನನ್ನ ತಕರಾರು ಇರುವುದು ಶೀರ್ಷಿಕೆಯಲ್ಲಿರುವ 'ಪಾಲನಾ ಸೇವೆ' ಎಂಬ ಮಾತಿನ ಬಗ್ಗೆ. ಸಾಮಾಜಿಕ ಪ್ರಶ್ನೆ ಇಲ್ಲಿ ಬಹುಮಟ್ಟಿಗೆ ಪ್ರಸಂಗದ ವಸ್ತುವಾಗಿಯೇ ಉಳಿಯುತ್ತದೆ. ಅದು ಒಬ್ಬ ಮನುಷ್ಯನ ರೂಪದಲ್ಲಿ ಎದುರಿನ ಕುರ್ಚಿಯಲ್ಲಿ ಬಂದು ಕುಳಿತಾಗ ಏನು ಮಾಡಬೇಕೆಂಬುದು ಸಿಗುವುದಿಲ್ಲ. ಗೃಹಹಿಂಸೆಯ ಉಪನ್ಯಾಸವನ್ನೇ ನೋಡಿ. ಕ್ಷಮಿಸುವುದೆಂದರೆ ಹೊಡೆತ ತಿನ್ನುತ್ತ ಇರುವುದಲ್ಲ, ಶಿಲುಬೆಯನ್ನು ತೋರಿಸಿ ಹೆಂಡತಿಗೆ ಸಹನೆ ಬೋಧಿಸುವುದು ಸುವಾರ್ತೆಗೆ ಮಾಡುವ ದ್ರೋಹ ಎಂದು ಹೇಳಿದ್ದು ಪೂರ್ತಿ ಸರಿ. ಆದರೆ ಅವಳೊಂದಿಗೆ ಒಬ್ಬಳೇ ಇರುವಾಗ ಮಾತಾಡಬೇಕು, ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ರಾಜಿ ಮಾಡಿಸಲು ಹೊರಡಬಾರದು, ಮಕ್ಕಳಿಗೆ ಅಪಾಯವಿರುವಲ್ಲಿ ಗುಟ್ಟು ಕಾಯುವ ಮಾತು ಕೊಡಬಾರದು ಎಂಬ ಮೊದಲ ಪಾಠಗಳು ಎಲ್ಲಿಯೂ ಬರಲಿಲ್ಲ. ಇದನ್ನು ಪ್ರಶ್ನೆಯಾಗಿ ಬರೆದು ಕಳಿಸಿದೆ. ಒಂಬತ್ತು ದಿನಗಳ ನಂತರ, ನಿಮ್ಮ ಸಭಾಪಾಲಕರಲ್ಲಿ ವಿಚಾರಿಸಿ ಎಂಬ ಉತ್ತರ ಬಂತು. ನಮ್ಮ ಸಭಾಪಾಲಕರೂ ಅದೇ ಕೋರ್ಸಿನಲ್ಲಿದ್ದರು.

ಆತ್ಮಹತ್ಯೆಯ ವಿಷಯದಲ್ಲೂ ಹೀಗೆಯೇ ಆಯಿತು. ಶವಸಂಸ್ಕಾರದ ಪ್ರಾರ್ಥನೆಯನ್ನು ನಿರಾಕರಿಸಬೇಕಾದವರ ಪಟ್ಟಿಯಿಂದ ಕಥೋಲಿಕ ಸಭೆ 1983ರ ಕಾನೂನು ಸಂಹಿತೆಯಲ್ಲಿ ಆತ್ಮಹತ್ಯೆ ಮಾಡಿಕೊಂಡವರನ್ನು ಕೈಬಿಟ್ಟದ್ದನ್ನು ಚೆನ್ನಾಗಿ ವಿವರಿಸಿದರು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆಯನ್ನು ತಲೆಯಲ್ಲಿ ಬಿತ್ತಿದಂತಾಗುವುದಿಲ್ಲ, ಕೇಳಲೇಬೇಕು ಎಂಬ, ಭೇಟಿಗೆ ಹೋಗುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಸಂಗತಿಯನ್ನು ಮಾತ್ರ ಹೇಳಲಿಲ್ಲ. ಸತ್ತವರಿಗೆ ಏನು ಮಾಡಬೇಕೆಂದು ಕಲಿತು ಬಂದೆವು.

ಈ ಕೊರತೆಯನ್ನು ತುಂಬುವ ಸಾಧನ ಕೋರ್ಸಿನೊಳಗೇ ಇದೆ ಎಂಬುದು ಇನ್ನೂ ಬೇಸರದ ವಿಷಯ. ತಾವೇ ಮನೋರೋಗದ ಆಸ್ಪತ್ರೆಯಲ್ಲಿದ್ದು ಹೊರಬಂದ ಆಂಟನ್ ಬೋಯ್ಸನ್, 1925ರಲ್ಲಿ ಅಮೆರಿಕದ ವೂಸ್ಟರ್ ಸರ್ಕಾರಿ ಆಸ್ಪತ್ರೆಗೆ ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆತಂದು, ಗ್ರಂಥಗಳ ಜೊತೆಗೆ ಜೀವಂತ ಮನುಷ್ಯರನ್ನೂ ಓದಲು ಕಲಿಸಿದರು. ಆ ಪರಂಪರೆಯಲ್ಲಿ ಬೆಳೆದದ್ದು ಭೇಟಿಯಲ್ಲಿ ನಡೆದ ಮಾತುಕತೆಯನ್ನು ನೆನಪಿನಿಂದ, ಒಂದೊಂದು ಮಾತೂ ಬಿಡದಂತೆ ಬರೆದು, ಅನುಭವಿಗಳ ಮುಂದಿಟ್ಟು ತಿದ್ದಿಸಿಕೊಳ್ಳುವ ಅಭ್ಯಾಸ. ಹತ್ತನೆಯ ವಾರದಲ್ಲಿ ಇದು ಬರುತ್ತದೆ, ಆದರೆ ಐಚ್ಛಿಕವಾಗಿ, ಅಂಕಗಳಿಲ್ಲದೆ.

ಎಂಬತ್ತು ದಾಟಿದ ಅಜ್ಜಿಯೊಬ್ಬರನ್ನು ಕಂಡು ಬಂದದ್ದನ್ನು, ಅವರ ಅನುಮತಿ ಪಡೆದು, ಗುರುತು ಮರೆಸಿ ನಾನು ಬರೆದು ಕೊಟ್ಟೆ. ಮೌಲ್ಯಮಾಪಕರು ಒಂದು ಸಾಲಿನ ಕೆಳಗೆ ಗೆರೆ ಎಳೆದು, 'ಅವರು ಅಳಲು ಶುರುಮಾಡಿದಾಗ ನೀವು ಕೀರ್ತನೆ ಓದಿದ್ದೀರಿ; ಆ ಹೊತ್ತಿನಲ್ಲಿ ಅದು ಯಾರಿಗೆ ಬೇಕಾಗಿತ್ತು?' ಎಂದು ಬರೆದಿದ್ದರು. ಸೇರುವವರು ಈ ಬರಹವನ್ನು ಬಿಡಬಾರದು. ಸಲ್ಲಿಸುವ ಗಡುವು ಹತ್ತನೆಯ ವಾರದ ಕೊನೆಯ ದಿನ. ಅದನ್ನು ಪಾಠದ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ, ನಮ್ಮ ತಂಡದ ಹೆಚ್ಚಿನವರು ಗಮನಿಸಲೇ ಇಲ್ಲ.